ಮಾಗಿಯ ಗಾಳಿಗೆ ಎದೆಯೊಡ್ಡಿ: ಗಡಿ ಜಿಲ್ಲೆಯ ಬೈಕ್ ಸವಾರರು ಬೆಚ್ಚಗಿರುವ ಬಗೆ

ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಬಂದದ್ದು 2009ರಲ್ಲಿ. ಮರುವರ್ಷ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾಡುಪ್ರಾಣಿಗಳ ಪಾಲಿಗೆ ಅದು ಒಳ್ಳೆಯ ತೀರ್ಮಾನ. ಆದರೆ ಅದರಿಂದ ಗುಂಡ್ಲುಪೇಟೆಯ ಬೈಕ್ ಸವಾರರಿಗೆ ಇನ್ನೊಂದು ಕಟ್ಟುಪಾಡೂ ಬಂತು. ವಯನಾಡಿನ ಕಡೆಗೆ ಹೋಗುವವರು ಮದ್ದೂರು ಚೆಕ್‌ಪೋಸ್ಟಿನಲ್ಲಿ, ಊಟಿಯ ಕಡೆಗೆ ಹೋಗುವವರು ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನಲ್ಲಿ ಆರು ಗಂಟೆಗಾಗಿ ಕಾಯಬೇಕು. ಡಿಸೆಂಬರ್, ಜನವರಿಯಲ್ಲಿ ದಿನದ ಅತಿ ಕಡಿಮೆ ತಾಪ ದಾಖಲಾಗುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಆಸುಪಾಸಿನಲ್ಲಿ. ಗೇಟು ತೆರೆಯುವ ಹೊತ್ತೂ ಚಳಿ ನೆತ್ತಿಗೇರುವ ಹೊತ್ತೂ ಹೆಚ್ಚುಕಡಿಮೆ ಒಂದೇ.

ಕಾಡಿನ ದಾರಿ ಒಂದು ಉದಾಹರಣೆ ಮಾತ್ರ. ಅದೇ ಹೊತ್ತಿನಲ್ಲಿ ಚಾಮರಾಜನಗರ ಜಿಲ್ಲೆಯ ಉದ್ದಗಲಕ್ಕೂ ಕ್ಯಾನು ಕಟ್ಟಿಕೊಂಡ ಟಿವಿಎಸ್ ಎಕ್ಸೆಲ್‌ಗಳು ಹಾಲಿನ ಡೇರಿಯತ್ತ ಹೊರಟಿರುತ್ತವೆ. ರೈತರು ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಧಾವಿಸುತ್ತಿರುತ್ತಾರೆ. ಬೇಗೂರಿನ ಮೇಲೆ ನಂಜನಗೂಡಿನ ಕಾರ್ಖಾನೆಗಳಿಗೆ, ಇತ್ತ ಬದನಗುಪ್ಪೆಯ ಕೈಗಾರಿಕಾ ಪ್ರದೇಶಕ್ಕೆ ಮೊದಲ ಪಾಳಿಯವರು ಹೊರಡುತ್ತಾರೆ. ಕರಿಕಲ್ಲಿನ ಕ್ವಾರಿಗೆ ಹೋಗುವವರು, ಮನೆಮನೆಗೆ ಪೇಪರ್ ಹಾಕುವ ಹುಡುಗರು, ಊರಿಗೆ ನೀರು ಬಿಡಲು ಹೊರಟ ನೀರುಗಂಟಿ, ರಾತ್ರಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಮರಳುವ ನರ್ಸ್, ಎಲ್ಲರೂ ರಸ್ತೆಯ ಮೇಲೆಯೇ.

ಇವರ ಚಳಿಯನ್ನು ನಾವು ಲೆಕ್ಕಕ್ಕೇ ಇಟ್ಟಿಲ್ಲ. ‘ನಮ್ಮದೇನು ಕಾಶ್ಮೀರವಾ?’ ಎಂಬ ಒಂದು ಮಾತಿಗೆ ವಿಷಯ ಮುಗಿದುಹೋಗುತ್ತದೆ. ಆದರೆ ಗಾಡಿಯ ಮೇಲಿರುವವನಿಗೆ ಎದುರಾಗುವ ಚಳಿ ಮನೆಯ ಜಗುಲಿಯಲ್ಲಿ ಕೂತವನ ಚಳಿಯಲ್ಲ. ಅದನ್ನು ತರುವುದು ಗಾಳಿ. ಹೀಗಾಗಿ ಅದಕ್ಕೆ ಮದ್ದು ಉಣ್ಣೆಯ ಮೇಲೆ ಉಣ್ಣೆ ಹೇರುವುದರಲ್ಲಿಲ್ಲ, ಗಾಳಿಯನ್ನು ತಡೆಯುವುದರಲ್ಲಿದೆ. ಈ ಒಂದು ತಿಳಿವಳಿಕೆ ಇದ್ದರೆ ಹೆಚ್ಚು ಹಣವಿಲ್ಲದೆಯೂ ಬೆಚ್ಚಗಿರಬಹುದು. ನಮ್ಮ ಜನ ಈಗಾಗಲೇ ಮಾಡುತ್ತಿರುವುದರಲ್ಲಿ ಯಾವುದು ಫಲಕಾರಿ, ಯಾವುದು ಅಪಾಯಕಾರಿ, ಇನ್ನೇನು ಆಗಬೇಕು ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ಈ ಸೀಮೆಯ ಚಳಿ

ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಪಕ್ಕದ ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,450 ಮೀಟರ್ ದಾಟುತ್ತದೆ. ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲೆ ನೆಲ ಹಗಲಿಡೀ ಹೀರಿಕೊಂಡ ಕಾವನ್ನು ರಾತ್ರಿ ಅಡ್ಡಿಯಿಲ್ಲದೆ ಬಿಟ್ಟುಕೊಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ ತಗ್ಗಿನಲ್ಲಿ, ಕೆರೆಯಂಗಳದಲ್ಲಿ, ಹಳ್ಳದ ಸೇತುವೆಯ ಬಳಿ ನಿಲ್ಲುತ್ತದೆ. ಒಂದೇ ರಸ್ತೆಯಲ್ಲಿ ದಿಣ್ಣೆಯ ಮೇಲೆ ಹಿತವಾಗಿದ್ದ ಚಳಿ ತಗ್ಗಿಗೆ ಇಳಿದೊಡನೆ ಮೈ ಕೊರೆಯುವುದು ಇದರಿಂದಲೇ. ಕೆರೆಯ ಪಕ್ಕದ ಮಂಜು ಕಟ್ಟುವುದೂ ಅಲ್ಲಿಯೇ.

ಹೆಚ್ಚಿನ ವರ್ಷಗಳಲ್ಲಿ ಬಯಲಿನ ಬೆಳಗಿನ ತಾಪ ಹದಿನೈದು ಡಿಗ್ರಿಯ ಅಕ್ಕಪಕ್ಕದಲ್ಲಿರುತ್ತದೆ, ಕೆಲವು ದಿನ ಅದಕ್ಕಿಂತ ಕೆಳಗಿಳಿಯುತ್ತದೆ. ನೆರೆಯ ಮೈಸೂರಿನಲ್ಲಿ 2012ರ ಜನವರಿ 16ರಂದು 7.7 ಡಿಗ್ರಿ ದಾಖಲಾಗಿತ್ತು. ಬೆಟ್ಟದ ಕಡೆಗೆ ಹೋದರೆ ಲೆಕ್ಕ ಬೇರೆ. ಒಂದು ಸಾವಿರ ಮೀಟರ್ ಏರಿದರೆ ತಾಪ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರ, ಮಸಿನಗುಡಿ ದಾಟಿ ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಿ ಊಟಿ ತಲುಪುವವನು ಬೆಳಗಿನ ಕೆಲವೇ ಗಂಟೆಗಳಲ್ಲಿ 1,400 ಮೀಟರ್ ಏರಿರುತ್ತಾನೆ. ಅಂದರೆ ಒಂಬತ್ತು ಡಿಗ್ರಿಯಷ್ಟು ವ್ಯತ್ಯಾಸ. ಊಟಿಯ ಹುಲ್ಲಿನ ಮೇಲೆ ಜನವರಿಯಲ್ಲಿ ಹಿಮಗಟ್ಟುವುದು ಎಲ್ಲರೂ ಬಲ್ಲ ಸಂಗತಿ. ಊರಿನಲ್ಲಿ ಸಾಕೆನಿಸಿದ ಒಂದು ಸ್ವೆಟರು ಅಲ್ಲಿ ಸಾಲುವುದಿಲ್ಲ. ಚಾಮರಾಜನಗರದಿಂದ ಪುಣಜನೂರಿನ ಮೇಲೆ ಸತ್ಯಮಂಗಲದತ್ತ ಹೋಗುವವರಿಗೆ ದಿಂಬಂ ಘಾಟಿಯಲ್ಲಿ, ಕನ್ನಡವೇ ಮನೆಮಾತಾದ ತಾಳವಾಡಿಯ ರೈತರಿಗೆ ಅವರ ಬೆಟ್ಟದ ಬಯಲಿನಲ್ಲಿ ಎದುರಾಗುವುದೂ ಇಂಥದೇ ಚಳಿ.

ಒಣಚಳಿಗಿಂತ ಕೆಟ್ಟದ್ದು ತೇವದ ಚಳಿ. ನಮ್ಮ ಜಿಲ್ಲೆಗೆ ಹಿಂಗಾರು ಮಳೆಯ ಪಾಲು ದೊಡ್ಡದು. ಅಕ್ಟೋಬರ್, ನವೆಂಬರಿನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ದಿನಗಟ್ಟಲೆ ಜಿಟಿಜಿಟಿ. 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಬಾಲ ತಾಗಿದಾಗ ಹಗಲಿನಲ್ಲೂ ಜನ ನಡುಗಿದ್ದು ಇನ್ನೂ ನೆನಪಿದೆ. ನೀರು ದೇಹದ ಕಾವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಸಾಗಿಸುತ್ತದೆ. ನೆನೆದ ಬಟ್ಟೆಯಲ್ಲಿ ಇಪ್ಪತ್ತು ಡಿಗ್ರಿಯ ದಿನವೂ ಮೈಯನ್ನು ಕುಗ್ಗಿಸಬಲ್ಲದು.

ಚಳಿಗಾಲವೇ ನಮ್ಮ ತಿರುಗಾಟದ ಕಾಲವೂ ಹೌದು. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆ, ಅಮಾವಾಸ್ಯೆಗಳಿಗೆ ಮಹದೇಶ್ವರ ಬೆಟ್ಟ, ಸುಗ್ಗಿಯ ಮದುವೆ, ಬೀಗರೂಟ. ರಾತ್ರಿ ಜಾತ್ರೆ ಮುಗಿಸಿ ಬೆಳಗಿನ ಜಾವಕ್ಕೆ ಬೈಕಿನಲ್ಲಿ ಊರು ಸೇರುವ ಯುವಕರು ಹೊರಡುವಾಗ ಹಗಲಿನ ಬಿಸಿಲು ನೋಡಿ ತೆಳ್ಳನೆಯ ಅಂಗಿಯಲ್ಲೇ ಹೋಗಿರುತ್ತಾರೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುತ್ತಾರೆ. ಅಲ್ಲಿಯವರೆಗಿನ ಮೂರು ತಿಂಗಳನ್ನು ನಿಭಾಯಿಸಬೇಕು.

ವೇಗ ತರುವ ಚಳಿ

ದೇಹ ತನ್ನ ಸುತ್ತ ಬೆಚ್ಚನೆಯ ಗಾಳಿಯ ತೆಳುಪದರವೊಂದನ್ನು ಹೊದ್ದಿರುತ್ತದೆ. ಬಿಸಿ ಕಾಫಿಯ ಮೇಲೆ ಉಫ್ ಎಂದು ಊದಿದರೆ ಅದು ಆರುವಂತೆ, ಬೀಸುವ ಗಾಳಿ ಆ ಪದರವನ್ನು ಕ್ಷಣಕ್ಷಣವೂ ಹೊತ್ತೊಯ್ಯುತ್ತದೆ. ಅದನ್ನು ಮತ್ತೆ ಕಟ್ಟಲು ದೇಹ ಮತ್ತೆ ಕಾವು ಸುರಿಯಬೇಕು. 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕಾದಲ್ಲಿದ್ದ ಅಮೆರಿಕದ ಪೌಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಇದನ್ನು ಅಳೆಯಲು ನೀರು ತುಂಬಿದ ಪುಟ್ಟ ಸಿಲಿಂಡರನ್ನು ಗಾಳಿಗೆ ನೇತುಹಾಕಿ ಅದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡಿದರು. ಆ ಲೆಕ್ಕವನ್ನು ತಿದ್ದಿ ಅಮೆರಿಕ, ಕೆನಡಾಗಳು 2001ರಲ್ಲಿ ಹೊಸ ಸೂತ್ರವನ್ನು ಬಳಕೆಗೆ ತಂದವು.

ಆ ಸೂತ್ರ 10 ಡಿಗ್ರಿ ಮತ್ತು ಅದಕ್ಕಿಂತ ಕಡಿಮೆ ತಾಪಕ್ಕೆ ಅನ್ವಯಿಸುತ್ತದೆ. 10 ಡಿಗ್ರಿಯ ಬೆಳಗಿನಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಮುಖಕ್ಕೆ ಬಡಿದರೆ ಚರ್ಮಕ್ಕೆ ಅನಿಸುವುದು 6 ಡಿಗ್ರಿ. 60 ಕಿ.ಮೀ.ಗೆ 5 ಡಿಗ್ರಿ. 80 ಕಿ.ಮೀ.ಗೆ ಸುಮಾರು ನಾಲ್ಕೂವರೆ. ಹವಾಮಾನ ಕೇಂದ್ರಗಳು ಗಾಳಿಯನ್ನು ಅಳೆಯುವುದು ನೆಲದಿಂದ 10 ಮೀಟರ್ ಎತ್ತರದಲ್ಲಿ, ನಿಂತವನ ಮುಖಕ್ಕೆ ತಾಗುವ ಗಾಳಿ ಅಷ್ಟಿರದು. ಸವಾರನಿಗಾದರೋ ಗಾಳಿ ನೇರವಾಗಿ ಎದೆಗೇ ಬಡಿಯುತ್ತದೆ. ಹಾಗಾಗಿ ಅವನ ಪಾಲಿಗೆ ಚಳಿ ಇನ್ನೂ ಒಂದು ತೂಕ ಹೆಚ್ಚೇ. ನಮ್ಮ ಬಹುಪಾಲು ಬೆಳಗುಗಳು 10 ಡಿಗ್ರಿಗಿಂತ ಮೇಲಿದ್ದರೂ ಗಾಳಿ ಕಾವನ್ನು ಕದಿಯುವ ಬಗೆ ಬದಲಾಗುವುದಿಲ್ಲ.

ಈ ಅಂಕಿಗಳಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ದೊಡ್ಡ ಇಳಿತ ಆಗುವುದು ನಿಂತ ಗಾಡಿ 40 ಕಿ.ಮೀ. ವೇಗಕ್ಕೆ ಬರುವಷ್ಟರಲ್ಲಿ. ಅಲ್ಲಿಂದ 80ಕ್ಕೆ ಏರಿದರೂ ಹೆಚ್ಚಾಗುವುದು ಒಂದೂವರೆ ಡಿಗ್ರಿಯ ಚಳಿ ಅಷ್ಟೇ. ದೊಡ್ಡ ಬುಲೆಟ್ಟಿನಲ್ಲಿ ಊಟಿಗೆ ಹೊರಟ ಪ್ರವಾಸಿಗೆ ಎಷ್ಟು ಚಳಿಯೋ ಕ್ಯಾನು ಕಟ್ಟಿದ ಎಕ್ಸೆಲ್‌ನ ರೈತನಿಗೂ ಹೆಚ್ಚುಕಡಿಮೆ ಅಷ್ಟೇ ಚಳಿ. ಮೊದಲಿನವನ ಮೈಮೇಲೆ ಸಾವಿರಾರು ರೂಪಾಯಿಯ ಜಾಕೆಟ್ ಇರುತ್ತದೆ, ಎರಡನೆಯವನ ಹೆಗಲ ಮೇಲೆ ಟವೆಲು. ನಿಧಾನ ಹೋದರೆ ಚಳಿಯಾಗದು ಎಂಬ ಮಾತೂ ಅರ್ಧವೇ ನಿಜ. 60ರಿಂದ 40ಕ್ಕೆ ಇಳಿಸಿದರೆ ಉಳಿಯುವುದು ಒಂದು ಡಿಗ್ರಿ, ಆದರೆ ಗಾಳಿಯಲ್ಲಿರುವ ಹೊತ್ತು ಒಂದೂವರೆ ಪಟ್ಟು ಆಗುತ್ತದೆ. ಮಂಜಿನಲ್ಲಿ ನಿಧಾನ ಹೋಗಲೇಬೇಕು. ಅದಕ್ಕೆ ಕಾರಣ ಬೇರೆ, ಮುಂದೆ ಬರುತ್ತದೆ.

ಮೈ ಏನು ಮಾಡುತ್ತದೆ

ಚಳಿ ತಾಗಿದೊಡನೆ ದೇಹ ಮೊದಲು ಕಾಪಾಡಿಕೊಳ್ಳುವುದು ಎದೆ, ಹೊಟ್ಟೆ, ಮಿದುಳನ್ನು. ಅದಕ್ಕಾಗಿ ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬೆರಳುಗಳಿಗೆ ಬಿಸಿರಕ್ತ ಬರುವುದು ಕಡಿಮೆಯಾಗಿ ಮೊದಲು ನೋವು, ಆಮೇಲೆ ಜೋಮು, ಕೊನೆಗೆ ಮರಗಟ್ಟುವಿಕೆ. ಕೈಯ ಚರ್ಮದ ತಾಪ 15 ಡಿಗ್ರಿಗಿಂತ ಕೆಳಗಿಳಿದರೆ ಬೆರಳಿನ ಚುರುಕು ಕುಂದುತ್ತದೆ. ಇನ್ನೂ ಇಳಿದರೆ ಹಿಡಿದಿರುವ ವಸ್ತುವಿನ ಅರಿವೇ ಮಂಕಾಗುತ್ತದೆ.

ಬೈಕಿನಲ್ಲಿ ಕೈ ಎಂದರೆ ಬ್ರೇಕು, ಕ್ಲಚ್ಚು, ಆಕ್ಸಿಲರೇಟರು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮರಗಟ್ಟಿದ ಬೆರಳು ಬ್ರೇಕಿನ ಮೇಲೆ ಮಡಚಲು ಅರ್ಧ ಸೆಕೆಂಡು ತಡಮಾಡಿದರೂ ಎಂಟು ಮೀಟರ್ ಹೋಯಿತು. ಅಡ್ಡಬಂದ ಎಮ್ಮೆಗೂ ಸವಾರನಿಗೂ ನಡುವೆ ಅಷ್ಟು ಅಂತರ ಇರಲಿಕ್ಕಿಲ್ಲ. ಚಳಿಯನ್ನು ಸಹಿಸಿಕೊಳ್ಳುವುದು ಗಟ್ಟಿತನ ಎಂದು ಭಾವಿಸುವ ನಮ್ಮ ಹುಡುಗರು ಇದನ್ನು ತಿಳಿಯಬೇಕು.

ಇಲ್ಲಿಯೇ ಇನ್ನೊಂದು ಪಾಠವೂ ಇದೆ. ಕೈಗೆ ರಕ್ತ ಬಿಡಬೇಕೋ ಬೇಡವೋ ಎಂದು ದೇಹ ತೀರ್ಮಾನಿಸುವುದು ಬಹುಮಟ್ಟಿಗೆ ಒಡಲಿನ ಕಾವನ್ನು ನೋಡಿಕೊಂಡು. ಎದೆ ತಣ್ಣಗಿದ್ದರೆ ಎಷ್ಟು ದಪ್ಪನೆಯ ಗ್ಲೌಸ್ ಹಾಕಿದರೂ ಬೆರಳು ಬೆಚ್ಚಗಾಗದು. ಎದೆ ಬೆಚ್ಚಗಿದ್ದರೆ ಸಾಧಾರಣ ಗ್ಲೌಸೂ ಸಾಕಾಗುತ್ತದೆ. ಕೈಗೆ ಚಳಿ ಎಂದು ಕೈಯನ್ನಷ್ಟೇ ನೋಡಿಕೊಳ್ಳುವುದು ಸಾಲದು.

ತಲೆಯ ಮೂಲಕ ದೇಹದ ಅರ್ಧ ಕಾವು ಹೋಗುತ್ತದೆ ಎಂಬ ಮಾತು ಜಗತ್ತಿನಾದ್ಯಂತ ಚಾಲ್ತಿಯಲ್ಲಿತ್ತು. 2008ರಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಬಿಎಂಜೆ ಪ್ರಕಟಿಸಿದ ಲೇಖನವೊಂದು ಅದನ್ನು ತಪ್ಪು ನಂಬಿಕೆಗಳ ಪಟ್ಟಿಗೆ ಸೇರಿಸಿತು. ತಲೆ ದೇಹದ ಮೇಲ್ಮೈಯ ಸುಮಾರು ಹತ್ತನೇ ಒಂದು ಭಾಗ, ಕಾವು ಹೋಗುವುದೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ. ಮಂಕಿ ಕ್ಯಾಪು, ಮಫ್ಲರು ಬೇಡವೆಂದಲ್ಲ. ತಲೆ, ಕಿವಿ ಮುಚ್ಚಿ ಎದೆಗೆ ತೆಳುವಾದ ಅಂಗಿ ಮಾತ್ರ ಹಾಕಿ ಹೊರಟರೆ ಮೈ ಬೆಚ್ಚಗಿರದು. ಹಾಗೆಯೇ, ಚಳಿಗಾಳಿ ಬಡಿದರೆ ಬಾಯಿ ಸೊಟ್ಟಗಾಗುತ್ತದೆ ಎಂಬ ಭಯವೂ ನಮ್ಮಲ್ಲಿ ಆಳವಾಗಿದೆ. ಮುಖದ ನರ ಸೋಲುವುದಕ್ಕೆ ವೈದ್ಯರು ಮುಖ್ಯವಾಗಿ ಶಂಕಿಸುವುದು ವೈರಸ್ಸನ್ನು. ಹಾಗೇನಾದರೂ ಆದರೆ ಕಿವಿಗೆ ಬಟ್ಟೆ ಸುತ್ತಿಕೊಂಡು ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಪಾರ್ಶ್ವವಾಯುವಿನ ಲಕ್ಷಣವೂ ಹಾಗೆಯೇ ಕಾಣಬಹುದು.

ಚಳಿ ರಕ್ತದೊತ್ತಡವನ್ನು ಏರಿಸುತ್ತದೆ. ತಣ್ಣನೆಯ ಒಣಗಾಳಿ ಉಬ್ಬಸವಿರುವವರ ಶ್ವಾಸನಾಳವನ್ನು ಕುಗ್ಗಿಸುತ್ತದೆ. ಹೃದ್ರೋಗ, ಆಸ್ತಮಾ ಇರುವವರು ಬೆಳಗಿನ ಸವಾರಿಯನ್ನು ಬಿಸಿಲೇರಿದ ಮೇಲಕ್ಕೆ ಮುಂದೂಡಬಹುದಾದರೆ ಮುಂದೂಡುವುದೇ ಸರಿ.

ನಮ್ಮವರು ಕಂಡುಕೊಂಡ ಉಪಾಯಗಳು

ಪುಸ್ತಕ ಓದದೆಯೂ ನಮ್ಮ ಜನ ಗಾಳಿಯೇ ಶತ್ರು ಎಂಬುದನ್ನು ಅರಿತಿದ್ದಾರೆ. ಜರ್ಕಿನ್ನನ್ನೋ ತುಂಬುತೋಳಿನ ಅಂಗಿಯನ್ನೋ ಹಿಂದುಮುಂದಾಗಿ ತೊಟ್ಟು ಗಾಡಿ ಓಡಿಸುವವರನ್ನು ಯಾವ ರಸ್ತೆಯಲ್ಲಾದರೂ ಕಾಣಬಹುದು. ನೋಡುವವರಿಗೆ ವಿಚಿತ್ರ, ಆದರೆ ತರ್ಕ ನಿಖರ. ಗುಂಡಿಯ ಸಂದಿನಿಂದ, ಜಿಪ್ಪಿನ ಹಲ್ಲಿನಿಂದ, ಕಾಲರಿನ ಬಾಯಿಂದ ನುಗ್ಗುವ ಗಾಳಿಗೆ ಹಾಗೆ ಮಾಡಿದರೆ ದಾರಿಯೇ ಇಲ್ಲ. ಒಂದೇ ಎಚ್ಚರ: ಹಿಂದೆ ತೆರೆದ ಬಟ್ಟೆ ಗಾಳಿಗೆ ಉಬ್ಬಿ ಹಾರಾಡದಂತೆ ನೋಡಿಕೊಳ್ಳಬೇಕು, ಹೆಗಲು ತಿರುಗಿಸಲು ಬಿಗಿಯಾಗಬಾರದು.

ಅಂಗಿಯೊಳಗೆ ಎದೆಗೆ ನ್ಯೂಸ್‌ಪೇಪರ್ ಇಟ್ಟುಕೊಳ್ಳುವುದು ಇನ್ನೊಂದು. ಪೇಪರ್ ಹಾಕುವ ಹುಡುಗರಿಗೆ ಇದು ಕೈಗೆಟಕುವ ರಕ್ಷೆ. ಯೂರೋಪಿನ ಸೈಕಲ್ ಪಂದ್ಯಗಳಲ್ಲಿ ಬೆಟ್ಟದ ತುದಿ ತಲುಪಿದ ಸ್ಪರ್ಧಿಗಳು ಇಳಿಜಾರಿನ ಗಾಳಿಗೆ ಇದನ್ನೇ ಮಾಡುತ್ತಿದ್ದರು. ಕಾಗದ ಗಾಳಿಯನ್ನು ತಡೆಯುತ್ತದೆ, ಪದರಗಳ ನಡುವೆ ಬೆಚ್ಚನೆಯ ಗಾಳಿಯನ್ನು ಹಿಡಿದಿಡುತ್ತದೆ, ಬೆವರಿದರೆ ಬಿಸಾಡಬಹುದು.

ಕರಿಕಂಬಳಿ ನಮ್ಮ ಕುರುಬರ ನೇಯ್ಗೆಯ ದೊಡ್ಡ ಕೊಡುಗೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಒದ್ದೆ ಅನಿಸುವುದಿಲ್ಲ, ಕಾವೂ ಬಿಟ್ಟುಕೊಡುವುದಿಲ್ಲ. ಹೊಲ ಕಾಯಲು, ಕುರಿ ಮೇಯಿಸಲು ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಬೈಕಿನ ಮೇಲೆ ಮಾತ್ರ ಅದು ಒದಗದು. ಭಾರ ಹೆಚ್ಚು, ಗಾಳಿಗೆ ಬಿಚ್ಚಿಕೊಳ್ಳುತ್ತದೆ. ಹಾಗೆಯೇ ಸಡಿಲವಾಗಿ ಹೊದ್ದ ಶಾಲು, ದುಪ್ಪಟ್ಟ, ಸೆರಗು ಅತ್ಯಂತ ಅಪಾಯಕಾರಿ. ಹಿಂದಿನ ಚಕ್ರಕ್ಕೋ ಚೈನಿಗೋ ಸಿಕ್ಕರೆ ಕುತ್ತಿಗೆಯನ್ನೇ ಬಿಗಿಯುತ್ತವೆ. ಹಿಂದಿನ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಸೀರೆಯ ಗಾರ್ಡನ್ನು ಅಂದಕ್ಕಾಗಿ ಕಿತ್ತುಹಾಕುವವರು ಇದನ್ನು ಯೋಚಿಸಬೇಕು. ಮಫ್ಲರ್ ಸುತ್ತುವುದಾದರೆ ಎರಡೂ ತುದಿಗಳು ಜರ್ಕಿನ್ನಿನೊಳಗೆ ಸೇರಿರಲಿ.

ಕೈಗೆ ಸಾಕ್ಸ್ ಹಾಕಿಕೊಳ್ಳುವುದು, ಗಾಡಿ ನಿಲ್ಲಿಸಿದಾಗ ಇಂಜಿನ್ನಿಗೋ ಸೈಲೆನ್ಸರಿಗೋ ಕೈಯೊಡ್ಡುವುದು ಬಿಡಬೇಕಾದ ಅಭ್ಯಾಸಗಳು. ಸಾಕ್ಸ್ ಬ್ರೇಕಿನ ಮೇಲೆ ಜಾರುತ್ತದೆ. ಮರಗಟ್ಟಿದ ಬೆರಳಿಗೆ ಸುಡುವುದೇ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಕಂಕುಳಲ್ಲಿ ಕೈಯಿಟ್ಟು ಕಾಯಿಸಿಕೊಳ್ಳುವುದು ನಿಧಾನವಾದರೂ ಕ್ಷೇಮ.

ಒಂದು ಪೆಗ್ಗು ಹಾಕಿದರೆ ಚಳಿ ಹೋಗುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಕೆಟ್ಟದ್ದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದ ಭ್ರಮೆ ಹುಟ್ಟಿಸುತ್ತದೆ, ಆ ದಾರಿಯಲ್ಲೇ ಒಡಲಿನ ಕಾವು ಹೊರಹೋಗುತ್ತದೆ. ಬೀಡಿ, ಸಿಗರೇಟು ಬೆರಳಿನ ನಾಳಗಳನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಹೊರಡುವ ಮುನ್ನ ಹೊಟ್ಟೆಗೆ ಬೀಳುವ ಮುದ್ದೆ, ಹುರುಳಿ ಸಾರು, ದಾರಿಯಲ್ಲಿ ಒಂದು ಲೋಟ ಬಿಸಿ ಟೀ ಇವೆಲ್ಲಕ್ಕಿಂತ ಮೇಲು. ಖಾಲಿ ಹೊಟ್ಟೆಯಲ್ಲಿ ನಡುಗಲೂ ದೇಹಕ್ಕೆ ಇಂಧನ ಸಾಲದು.

ತೊಡುವ ಕ್ರಮ

ಚಳಿಗಾಲ ಬಂದೊಡನೆ ನಮ್ಮ ಪೇಟೆಗಳಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ತೆರೆದುಕೊಳ್ಳುತ್ತವೆ. ಬೈಲಕುಪ್ಪೆಯಂತೆ ನಮ್ಮದೇ ಜಿಲ್ಲೆಯ ಒಡೆಯರಪಾಳ್ಯದಲ್ಲೂ 1970ರ ದಶಕದಿಂದ ಟಿಬೆಟನ್ ನಿರಾಶ್ರಿತರ ನೆಲೆಯಿದೆ. ಅವರು ಮಾರುವ ಸ್ವೆಟರು ಒಳ್ಳೆಯದೇ, ಆದರೆ ಸ್ವೆಟರೊಂದೇ ಬೈಕಿಗೆ ಸಾಲದು. ಹೆಣಿಗೆಯ ಕಣ್ಣುಗಳಲ್ಲಿ ನಿಂತ ಗಾಳಿಯೇ ಸ್ವೆಟರಿನ ಕಾವು. 50 ಕಿ.ಮೀ. ವೇಗದ ಗಾಳಿ ಆ ಕಣ್ಣುಗಳನ್ನು ತೂರಿ ಹೋದರೆ ಸ್ವೆಟರು ಇದ್ದೂ ಇಲ್ಲದಂತೆ. ಅದರ ಮೇಲೆ ಗಾಳಿ ತಡೆಯುವ ಏನಾದರೊಂದು ಇರಲೇಬೇಕು.

ಸರಿಯಾದ ಕ್ರಮ ಮೂರು ಪದರಗಳದ್ದು. ಮೈಗೆ ತಾಗುವುದು ಬೆವರು ಹಿಡಿದಿಡದ ತೆಳು ಬನಿಯನ್. ಹತ್ತಿ ಒದ್ದೆಯಾದರೆ ಬೇಗ ಆರದು, ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆ ವಾಸಿ. ನಡುವೆ ಸ್ವೆಟರು. ಹೊರಗೆ ರೆಕ್ಸಿನ್, ಚರ್ಮ ಅಥವಾ ನೈಲಾನಿನ ಜರ್ಕಿನ್. ಜರ್ಕಿನ್ ಇಲ್ಲದವರು ಮಳೆಗಾಲದ ರೈನ್‌ಕೋಟನ್ನೇ ಸ್ವೆಟರಿನ ಮೇಲೆ ತೊಟ್ಟರೆ ಸಾಕು. ಮನೆಯಲ್ಲಿ ಈಗಾಗಲೇ ಇರುವ ವಸ್ತು, ಹೊಸದಾಗಿ ಒಂದು ರೂಪಾಯಿಯೂ ಬೇಡ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಉಪಯುಕ್ತವಾದ ಸಲಹೆ ಇದೇ. ಕೆಳಗಿನ ರೈನ್‌ಪ್ಯಾಂಟೂ ಅಷ್ಟೇ ಮುಖ್ಯ, ಏಕೆಂದರೆ ಮಂಡಿ ಮತ್ತು ತೊಡೆ ಗಾಳಿಗೆ ನೇರವಾಗಿ ಒಡ್ಡಿಕೊಂಡಿರುತ್ತವೆ. ಸೀರೆಯುಟ್ಟು ಸ್ಕೂಟರ್ ಓಡಿಸುವ ಶಿಕ್ಷಕಿಯರು, ಆಶಾ ಕಾರ್ಯಕರ್ತೆಯರು ಒಳಗೆ ದಪ್ಪ ಲೆಗ್ಗಿಂಗ್ಸ್, ಕಾಲಿಗೆ ಸಾಕ್ಸ್, ಮುಚ್ಚಿದ ಚಪ್ಪಲಿ ಹಾಕಿಕೊಂಡರೆ ಕಾಲಿನ ಚಳಿ ಬಹುಪಾಲು ಕಳೆಯುತ್ತದೆ. ಎರಡು ಸಾಕ್ಸ್‌ಗಳ ನಡುವೆ ಪ್ಲಾಸ್ಟಿಕ್ ಕವರು ಸೇರಿಸುವುದೂ ಒಂದು ಉಪಾಯ. ಮೈಗೇ ತಾಗುವಂತೆ ಹಾಕಿದರೆ ಮಾತ್ರ ಬೆವರು ಕಟ್ಟಿ ಇನ್ನಷ್ಟು ತಣ್ಣಗಾಗುತ್ತದೆ.

ಗ್ಲೌಸ್ ಕೊಳ್ಳುವಾಗ ನೋಡಬೇಕಾದ್ದು ಎರಡು. ಬಿಗಿಯಾಗಿರಬಾರದು, ಬಿಗಿ ರಕ್ತವನ್ನು ತಡೆಯುತ್ತದೆ. ಮಣಿಕಟ್ಟು ದಾಟಿ ಜರ್ಕಿನ್ನಿನ ತೋಳನ್ನು ಮುಚ್ಚುವಷ್ಟು ಉದ್ದವಿರಬೇಕು. ಬಿಸಿಲಿಗೆಂದು ಮಾರುವ ತೆಳು ಬಟ್ಟೆಯ ಗ್ಲೌಸ್ ಚಳಿಗೆ ಬಾರದು. ಅದರ ಮೇಲೆ ಸಡಿಲವಾದ ರಬ್ಬರ್ ಗ್ಲೌಸ್ ಹಾಕಿದರೆ ಗಾಳಿ ನಿಲ್ಲುತ್ತದೆ. ಬ್ರೇಕು ಹಿಡಿದು ಬಿಟ್ಟು ನೋಡಿ, ಹಿಡಿತ ಸರಿಯಿದ್ದರೆ ಮಾತ್ರ ಹೊರಡಬೇಕು.

ಹೆಲ್ಮೆಟ್ಟು ಕಾನೂನಿನ ಕಾಟವೆಂದು ಗೊಣಗುವವರಿಗೆ ಚಳಿಗಾಲ ಇನ್ನೊಂದು ಕಾರಣ ಕೊಡುತ್ತದೆ. ಮುಖ ಮುಚ್ಚುವ ಐಎಸ್‌ಐ ಗುರುತಿನ ಹೆಲ್ಮೆಟ್ ತಲೆ, ಕಿವಿ, ಕೆನ್ನೆ, ಕಣ್ಣನ್ನು ಒಟ್ಟಿಗೆ ಕಾಯುತ್ತದೆ. ತಟ್ಟೆಯಂಥ ಅರ್ಧ ಹೆಲ್ಮೆಟ್ಟಿನಲ್ಲಿ ಕಣ್ಣೀರು ಸುರಿಸುತ್ತ ಓಡಿಸುವವನಿಗೆ ರಸ್ತೆ ಕಾಣುವುದಾದರೂ ಹೇಗೆ? ಉಸಿರಿಗೆ ಗಾಜು ಮಬ್ಬಾಗುವುದೇ ತೊಂದರೆ. ಒಳಮೈಗೆ ಪಾತ್ರೆ ತೊಳೆಯುವ ಸೋಪನ್ನು ತೆಳುವಾಗಿ ಸವರಿ ಒಣಬಟ್ಟೆಯಿಂದ ಒರೆಸಿದರೆ ಸಾಕಷ್ಟು ಹೊತ್ತು ತಡೆಯುತ್ತದೆ. ಮಂಜಿನಲ್ಲಿ ಗಾಜನ್ನು ಒಂದು ಬೆರಳಿನಷ್ಟು ಎತ್ತಿಡಬೇಕು. ಕಪ್ಪು ಗಾಜು ಮುಂಜಾನೆಗೆ ಸಲ್ಲದು.

ಗಾಡಿ, ರಸ್ತೆ, ಕಾಡು

ತಾಪ ಐದಾರು ಡಿಗ್ರಿ ಇಳಿದರೆ ಟೈರಿನ ಗಾಳಿ ಸುಮಾರು ಒಂದು ಪಿಎಸ್‌ಐ ಕಡಿಮೆಯಾಗುತ್ತದೆ. ತಣ್ಣಗಿನ ಟೈರು ರಸ್ತೆಯನ್ನು ಅಷ್ಟಾಗಿ ಹಿಡಿಯುವುದಿಲ್ಲ, ಇಬ್ಬನಿ ಬಿದ್ದ ಡಾಂಬರು ಜಾರುತ್ತದೆ. ಮೊದಲ ಕೆಲವು ಕಿಲೋಮೀಟರ್ ಸಾವಕಾಶವಾಗಿ ಹೋಗುವುದು ಗಾಡಿಗೂ ಸವಾರನಿಗೂ ಹಿತ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ವಾಪಸು ಬರುತ್ತದೆ, ಲೋಬೀಮ್ ಸರಿ.

ನಮ್ಮ ಜಿಲ್ಲೆಯಲ್ಲಿ ಇದರ ಜೊತೆಗೊಂದು ವಿಶೇಷ ಅಪಾಯವಿದೆ. ಡಿಸೆಂಬರ್, ಜನವರಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವುದು. ಕಣ ಮಾಡಲು ಜಾಗವಿಲ್ಲದ ರೈತನ ಕಷ್ಟ ಅರ್ಥವಾಗುವಂಥದ್ದೇ. ಆದರೆ ಮಂಜಿನಲ್ಲಿ, ಮರಗಟ್ಟಿದ ಕೈಯಲ್ಲಿ, ಇಬ್ಬನಿ ನೆನೆದ ಹುರುಳಿಸೊಪ್ಪಿನ ಮೇಲೆ ಬ್ರೇಕು ಹಿಡಿದವನು ಬೀಳದೆ ಉಳಿಯುವುದು ಕಷ್ಟ. ಊರಿಗೊಂದು ಒಕ್ಕಣೆ ಕಣ ಕಟ್ಟಿಸಿಕೊಡುವುದು ಬೈಕ್ ಸವಾರರ ಪ್ರಾಣ ಉಳಿಸುವ ಕೆಲಸವೂ ಹೌದು.

ಮದ್ದೂರು ಗೇಟು ದಾಟಿದ ಮೇಲೆ ಸುಮಾರು 20 ಕಿ.ಮೀ. ಕಾಡಿನ ದಾರಿ. ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಬೆಂಕಿ ಕಾಯಿಸುವಂತಿಲ್ಲ. ಮಂಜಿನ ನಡುವೆ ಆನೆ ನಿಂತಿದ್ದರೆ ಹತ್ತಿರ ಹೋಗುವವರೆಗೂ ಕಾಣದು. ಬೇಕಾದ ಬಟ್ಟೆಯನ್ನು ಗೇಟಿನಲ್ಲೇ ತೊಟ್ಟು, ಕೈ ಬೆಚ್ಚಗೆ ಮಾಡಿಕೊಂಡು, ನಿಧಾನವಾಗಿ ಹೋಗಬೇಕು. ಚಳಿಗೆ ಹೆದರಿ ಬೇಗ ದಾಟಿಬಿಡೋಣವೆಂದು ವೇಗ ಹೆಚ್ಚಿಸುವುದು ಜಿಂಕೆಗೂ ಮನುಷ್ಯನಿಗೂ ಆಪತ್ತು.

ಟ್ಯಾಂಕಿನ ಮೇಲೆ ಕೂತ ಮಗುವಿನ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಅಪ್ಪನ ಎದೆಗೆ ಬೀಳಬೇಕಾದ ಗಾಳಿಯೆಲ್ಲ ಆ ಪುಟ್ಟ ಮೈಗೆ ಬೀಳುತ್ತದೆ. ತೂಕಕ್ಕೆ ಹೋಲಿಸಿದರೆ ಮಕ್ಕಳ ಮೈಯ ಮೇಲ್ಮೈ ಹೆಚ್ಚು, ಹಾಗಾಗಿ ಬೇಗ ತಣ್ಣಗಾಗುತ್ತಾರೆ. ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ಟು, ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ, 40 ಕಿ.ಮೀ. ಮೀರದ ವೇಗ ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಮುಂಜಾನೆ ಶಾಲೆಗೆ ಬಿಡುವಾಗ ಮಗುವನ್ನು ಹಿಂದೆ ಕೂರಿಸಿಕೊಳ್ಳುವುದು ಚಳಿಗೂ ಕಾಪು, ಪ್ರಾಣಕ್ಕೂ ಕಾಪು.

ಆಗಬೇಕಾದ್ದು

ಹೊರಗಿನವರು ಇನ್ನೂ ಮುಂದೆ ಹೋಗಿದ್ದಾರೆ. ಚೀನಾದ ನಗರಗಳಲ್ಲಿ ಚಳಿಗಾಲ ಬಂತೆಂದರೆ ಎಲೆಕ್ಟ್ರಿಕ್ ಸ್ಕೂಟರುಗಳ ಮುಂದೆ ಕೌದಿಯಂಥ ದಪ್ಪನೆಯ ಹೊದಿಕೆ ಬರುತ್ತದೆ, ಕೈತೂರಿಸಲು ಅದರಲ್ಲೇ ಜೇಬು. ಇಟಲಿಯಲ್ಲಿ ಸ್ಕೂಟರಿಗೆ ಬಿಗಿದು ಮಡಿಲ ಮೇಲೆ ಹೊದೆಯುವ ಕಾಲ್ಹೊದಿಕೆ ಸಾಮಾನ್ಯ. ಹ್ಯಾಂಡಲ್ಲಿಗೆ ತೊಡಿಸುವ ಚೀಲದೊಳಗೆ ಕೈಯಿಟ್ಟು ಓಡಿಸುವುದು ಡೆಲಿವರಿ ಕೆಲಸದವರ ರೂಢಿ. ವಿದ್ಯುತ್ತಿನಿಂದ ಬಿಸಿಯಾಗುವ ಹಿಡಿಕೆಗಳೂ ಇವೆ, ಆದರೆ ನಮ್ಮ ಸಣ್ಣ ಗಾಡಿಗಳ ಬ್ಯಾಟರಿಗೆ ಅದು ಹೊರೆ.

ಹ್ಯಾಂಡಲ್ ಚೀಲಕ್ಕೂ ಕಾಲ್ಹೊದಿಕೆಗೂ ಬೇಕಾದ್ದು ರೆಕ್ಸಿನ್, ಒಳಗೊಂದು ದಪ್ಪ ಬಟ್ಟೆ, ಒಂದು ಹೊಲಿಗೆ ಯಂತ್ರ. ಇವೆಲ್ಲ ಗುಂಡ್ಲುಪೇಟೆಯಲ್ಲೂ ಚಾಮರಾಜನಗರದಲ್ಲೂ ಬೈಕಿನ ಸೀಟ್ ಕವರ್ ಹೊಲಿಯುವ ಪ್ರತಿ ಅಂಗಡಿಯಲ್ಲಿ ಇವೆ. ಕೈ ಸಲೀಸಾಗಿ ಒಳಹೊರಗೆ ಹೋಗುವಂತೆ, ಬ್ರೇಕಿಗೆ ತೊಡಕಾಗದಂತೆ ಒಂದು ಅಳತೆ ಗೊತ್ತುಮಾಡಿಕೊಟ್ಟರೆ ಸಾಕು, ಈ ಕಸುಬುದಾರರು ಹೊಲಿದುಕೊಡಬಲ್ಲರು. ನಮ್ಮ ಪಾಲಿಟೆಕ್ನಿಕ್, ಐಟಿಐ ವಿದ್ಯಾರ್ಥಿಗಳು ಆ ಅಳತೆಯನ್ನು ಪರೀಕ್ಷಿಸಿ ಕೊಡಲಿ. ಗಾಳಿಯನ್ನು ಗಾಡಿಯಲ್ಲೇ ತಡೆದರೆ ಸವಾರನ ಮೈಮೇಲಿನ ಹೊರೆ ಅರ್ಧ ಇಳಿಯುತ್ತದೆ.

ಎರಡನೆಯದು ಹೊಣೆಯ ಮಾತು. ದಿನವೂ ಮುಂಜಾನೆ ಬೈಕೇರಲೇಬೇಕಾದ ಕೆಲಸಗಳಿಗೆ ಗಾಳಿ ತಡೆಯುವ ಜರ್ಕಿನ್ನೂ ಗ್ಲೌಸೂ ಕೆಲಸದ ಸಲಕರಣೆಗಳೇ. ಪೇಪರ್ ಹಂಚಿಸುವ ಏಜೆಂಟರು ತಮ್ಮ ಹುಡುಗರಿಗೆ, ಗ್ರಾಮ ಪಂಚಾಯಿತಿಗಳು ನೀರುಗಂಟಿಗಳಿಗೆ, ಅರಣ್ಯ ಇಲಾಖೆ ಬೈಕಿನಲ್ಲಿ ಗಸ್ತು ತಿರುಗುವ ವಾಚರುಗಳಿಗೆ, ಕ್ವಾರಿ ಮತ್ತು ಕಾರ್ಖಾನೆಯವರು ಮೊದಲ ಪಾಳಿಯವರಿಗೆ ಇವನ್ನು ದೀಪಾವಳಿಯ ಹೊತ್ತಿಗೇ ಕೊಡಬೇಕು. ಹಾಲು ಒಕ್ಕೂಟ ಡೇರಿಗಳ ಮೂಲಕ ಉತ್ಪಾದಕರಿಗೆ ಅಗ್ಗದ ದರದಲ್ಲಿ ಒದಗಿಸಬಹುದು, ಮೇವಿನ ಬೀಜ, ಪಶು ಆಹಾರ ಹಂಚುವ ವ್ಯವಸ್ಥೆ ಇದ್ದೇ ಇದೆ. ಚೆಕ್‌ಪೋಸ್ಟುಗಳ ಬಳಿ ಕಾಯುವವರಿಗೆ ಗಾಳಿ ತಾಗದ ಒಂದು ತಂಗುದಾಣ ಕಟ್ಟುವುದು ದೊಡ್ಡ ಖರ್ಚಿನ ಬಾಬತ್ತಲ್ಲ.

ಅಲ್ಲಿಯವರೆಗೆ ಪ್ರತಿ ಮನೆಯೂ ನಾಳೆಯೇ ಮಾಡಬಹುದಾದ ಕೆಲಸವೊಂದಿದೆ. ಮಳೆಗಾಲ ಮುಗಿಯಿತೆಂದು ಅಟ್ಟಕ್ಕೆ ಹಾಕಿದ ರೈನ್‌ಕೋಟನ್ನು ಇಳಿಸಿ, ಒರೆಸಿ, ಬೆಳಗಿನ ಜಾವ ಹೊರಡುವವರ ಸ್ವೆಟರಿನ ಪಕ್ಕದಲ್ಲಿ ತೂಗುಹಾಕಿ. ಸ್ವೆಟರು ಒಳಗೆ, ರೈನ್‌ಕೋಟು ಮೇಲೆ. ಈ ಕ್ರಮವೊಂದನ್ನು ತಪ್ಪದೆ ಪಾಲಿಸಿದರೂ ಈ ಮಾಗಿಯಲ್ಲಿ ಬ್ರೇಕಿನ ಮೇಲಿನ ಬೆರಳುಗಳು ಬೇಕಾದಾಗ ಮಡಚಿಕೊಳ್ಳುತ್ತವೆ.